ಥ್ರೆಶರ್ ಶಾರ್ಕಿನ ಷರತ್ತುಗಳು

ಫಿಲಿಪ್ಪೀನ್ಸ್ ದೇಶದಲ್ಲಿ ಸೆಬು ಎಂಬ ಉದ್ದನೆಯ ದ್ವೀಪವಿದೆ. ಅದರ ಉತ್ತರದ ತುದಿಯಾಚೆ ಮಲಪಾಸ್ಕುವಾ ಎಂಬ ಇನ್ನೊಂದು ಸಣ್ಣ ದ್ವೀಪ. ಉದ್ದ ಸುಮಾರು 2.5 ಕಿಲೋಮೀಟರು, ಅಗಲ ಒಂದು ಕಿಲೋಮೀಟರು, ಅಷ್ಟೇ. ಒಂದು ಕಾಲಕ್ಕೆ ಬರೀ ಬೆಸ್ತರ ಊರು. ಈಗ ಪ್ರಪಂಚದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಬೆಳಗಿನ ಜಾವ ಐದು ಗಂಟೆಗೆಲ್ಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವ ತಯಾರಿಯಲ್ಲಿ ದೋಣಿ ಹತ್ತುತ್ತಾರೆ. ಅವರೆಲ್ಲ ಬರುವುದು ಒಂದು ಪ್ರಾಣಿಯನ್ನು ನೋಡಲು. ಅದು ಥ್ರೆಶರ್ ಶಾರ್ಕ್. ನಮ್ಮ ಕರಾವಳಿಯವರು ತಾಟೆ ಎನ್ನುವ ಮೀನುಗಳ ದೊಡ್ಡ ಬಳಗಕ್ಕೆ ಸೇರಿದ್ದು. ಕಾಡುಪ್ರಾಣಿಯನ್ನು ದುಡ್ಡು ಕೊಟ್ಟು ನೋಡುವ ಇಂಥ ಪ್ರವಾಸ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಹಣದ ಲೆಕ್ಕದ್ದು. ಊರಿಗೆ ಎಷ್ಟು ಆದಾಯ ಬಂತು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸತ್ತ ಶಾರ್ಕಿಗಿಂತ ಬದುಕಿರುವ ಶಾರ್ಕಿಗೆ ಎಷ್ಟು ಪಾಲು ಹೆಚ್ಚು ಬೆಲೆ ಎಂಬ ಲೆಕ್ಕ. ಈ ಲೆಕ್ಕ ಸುಳ್ಳಲ್ಲ, ಆದರೆ ಸಾಲದು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಇದೆ. ಈ ಭೇಟಿ ನಡೆಯುತ್ತಿರುವುದು ಯಾರ ಷರತ್ತಿನ ಮೇಲೆ? ಶಾರ್ಕಿನದೋ, ನಮ್ಮದೋ? ಶಾರ್ಕಿನ ಷರತ್ತಿನ ಮೇಲೆ ನಡೆಯುವ ಭೇಟಿಗೆ ಮಾತ್ರ ನಮ್ಮ ಬೆಂಬಲ ಇರಬೇಕು. ಇಂದಿನ ಮಾತೆಲ್ಲ ಈ ಒಂದೇ ವಿಚಾರದ ಸುತ್ತ.

ಮೊದಲು ಪ್ರಾಣಿಯ ಪರಿಚಯ. ಥ್ರೆಶರ್ ಶಾರ್ಕ್‌ಗಳಲ್ಲಿ ಮೂರು ಜಾತಿ. ಮಲಪಾಸ್ಕುವಾದಲ್ಲಿ ಕಾಣುವುದು ಪೆಲಾಜಿಕ್ ಥ್ರೆಶರ್, ಅಂದರೆ ದಡದಿಂದ ದೂರ, ತೆರೆದ ಕಡಲಿನಲ್ಲಿ ಬಾಳುವ ಜಾತಿ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು, ಹಾಗಾಗಿ ನೀವೇ ಕಲ್ಪಿಸಿಕೊಳ್ಳಿ. ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ಮೂರು ಮೀಟರ್ ಉದ್ದ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಬಾಲ. ಬಾಲದ ಮೇಲಿನ ಸೀಳು ಕುಡುಗೋಲಿನ ಅಲಗಿನಂತೆ ತೆಳ್ಳಗೆ ಬಾಗಿ ಹಿಂದಕ್ಕೆ ಚಾಚಿರುತ್ತದೆ. ಬೆನ್ನು ನೀಲಿ ಬೆರೆತ ಬೂದು, ಹೊಟ್ಟೆ ಬಿಳಿ. ಬಾಯಿ ಚಿಕ್ಕದು. ಕಣ್ಣು ಮಾತ್ರ ಮುಖಕ್ಕೆ ಮೀರಿ ದೊಡ್ಡದು, ಗುಂಡಗೆ, ಕಪ್ಪಗೆ. ಮಂದ ಬೆಳಕಿನಲ್ಲಿ ಬಾಳುವ ಪ್ರಾಣಿಯ ಕಣ್ಣು ಅದು. ಬಾಲ ಏಕೆ ಅಷ್ಟುದ್ದ ಎಂಬುದಕ್ಕೆ ಸೆಬು ದ್ವೀಪದ ಇನ್ನೊಂದು ಮಗ್ಗುಲಲ್ಲಿ ಉತ್ತರ ಸಿಕ್ಕಿತು. ಮೊಆಲ್ಬೋವಲ್ ಊರಿನ ಹತ್ತಿರದ ಪೆಸ್ಕಡಾರ್ ದ್ವೀಪದ ಸುತ್ತ ಆಗ ಬೂತಾಯಿಯ ಬಳಗದ ಸಾರ್ಡೀನ್ ಮೀನುಗಳು ಲಕ್ಷಗಟ್ಟಲೆ ಒತ್ತೊತ್ತಾಗಿ ಸೇರುತ್ತಿದ್ದವು. 2010ರಲ್ಲಿ ಸಂಶೋಧಕರು ಅಲ್ಲಿ ನೀರೊಳಗೆ ಚಿತ್ರೀಕರಣ ಮಾಡಿ 2013ರಲ್ಲಿ ಪ್ರಕಟಿಸಿದರು. ಥ್ರೆಶರ್ ಮೀನಿನ ಗುಂಪಿಗೆ ನುಗ್ಗುತ್ತದೆ. ಮೂತಿ ಕೆಳಗೆ ಹಾಕಿ ತಟ್ಟನೆ ನಿಲ್ಲುತ್ತದೆ. ಆಗ ಬಾಲ ಬೆನ್ನ ಮೇಲಿಂದ ಹಾದು ತಲೆಯ ಮುಂದಕ್ಕೆ ಬಂದು ಅಪ್ಪಳಿಸುತ್ತದೆ. ಬಾಲದ ತುದಿಯ ವೇಗ ಕೆಲವೊಮ್ಮೆ ಗಂಟೆಗೆ 80 ಕಿಲೋಮೀಟರಿನ ಹತ್ತಿರ ಹೋಗಿತ್ತು. ಮೂರು ಸಲ ಬೀಸಿದರೆ ಸುಮಾರು ಒಂದು ಸಲ ಬೇಟೆ. ಆದರೆ ಆ ಒಂದು ಏಟಿಗೆ ಮೂರು ನಾಲ್ಕು ಮೀನು ಉರುಳುತ್ತವೆ. ಮನುಷ್ಯನಿಗೆ ಇದರಿಂದ ಅಪಾಯವಿಲ್ಲವೆಂದೇ ತಿಳಿದವರ ಅಭಿಪ್ರಾಯ. ಅಪಾಯ ಇರುವುದು ಶಾರ್ಕಿಗೆ, ಬಲೆಗಳಿಂದ. ಆ ಅಪಾಯ ಇನ್ನೂ ಹೆಚ್ಚಲು ಕಾರಣ ಅದರ ನಿಧಾನದ ಹೆರಿಗೆ. ಒಂದು ಹೆಣ್ಣು ಬಸಿರಾಗುವ ವಯಸ್ಸಿಗೆ ಬರಲು ಎಂಟೊಂಬತ್ತು ವರ್ಷ ಬೇಕು. ಒಂದು ಸಲಕ್ಕೆ ಹುಟ್ಟುವುದು ಎರಡೇ ಮರಿ, ಒಂದೊಂದು ಗರ್ಭಕೋಶದಲ್ಲಿ ಒಂದೊಂದು. ಮರಿ ಒಳಗಿರುವಾಗ ತಾಯಿ ಮತ್ತೆಮತ್ತೆ ಹುಟ್ಟಿಸುವ ಮೊಟ್ಟೆಗಳನ್ನೇ ತಿಂದು ಬೆಳೆಯುತ್ತದೆ. ಹೊರಗೆ ಬರುವ ಹೊತ್ತಿಗೆ ಅದರ ಉದ್ದ ಒಂದೂವರೆ ಮೀಟರಿನ ಆಸುಪಾಸು. ನಮ್ಮ ಬೂತಾಯಿ ಒಂದು ಹಂಗಾಮಿನಲ್ಲಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಒಂದು ವರ್ಷ ಬಲೆಗೆ ಹೆಚ್ಚು ಬಿದ್ದರೂ ಮುಂದೆ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿದೆ. ಥ್ರೆಶರ್‌ಗೆ ಆ ಶಕ್ತಿಯಿಲ್ಲ. 2019ರಿಂದ ಇದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ ಎಂದೇ ದಾಖಲಾಗಿದೆ.

ಅಂದರೆ, ತೆರೆದ ಕಡಲಿನಲ್ಲಿ ಬಾಳುವ, ಬಹಳ ನಿಧಾನವಾಗಿ ಹೆರುವ, ಮಂದ ಬೆಳಕಿಗೆ ಹೊಂದಿಕೊಂಡ ಕಣ್ಣಿನ ಪ್ರಾಣಿ ಇದು. ಇಂಥದು ದಡದ ಹತ್ತಿರ, ಮನುಷ್ಯ ಮುಳುಗಬಲ್ಲ ಆಳಕ್ಕೆ ಏಕೆ ಬರುತ್ತದೆ? ನನ್ನ ವಾದದ ಬೇರು ಈ ಪ್ರಶ್ನೆಯಲ್ಲಿದೆ. ಮಲಪಾಸ್ಕುವಾದಿಂದ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ ಮೊನಾಡ್ ಶೋಲ್ ಎಂಬ ದಿಬ್ಬವಿದೆ. ಪೂರ್ತಿ ನೀರೊಳಗಿನ ದಿಬ್ಬ. ಅದರ ತಲೆ ಚಪ್ಪಟೆ, ನೀರಿನ ಮಟ್ಟದಿಂದ 15ರಿಂದ 25 ಮೀಟರ್ ಕೆಳಗೆ. ಅಂಚು ದಾಟಿದರೆ 200 ಮೀಟರಿಗೂ ಹೆಚ್ಚು ಆಳದ ಪ್ರಪಾತ. ದಿಬ್ಬದ ಹವಳದ ಗುಡ್ಡೆಗಳಲ್ಲಿ ಕ್ಲೀನರ್ ರಾಸ್ ಎಂಬ ಬೆರಳುದ್ದದ ಮೀನುಗಳಿವೆ. ನೀಲಿ ಮೈ, ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಬೇರೆ ಮೀನುಗಳ ಮೈಗೆ ಅಂಟಿದ ಪರಾವಲಂಬಿ ಹುಳುಗಳನ್ನೂ ಸತ್ತ ಚರ್ಮವನ್ನೂ ಹೆಕ್ಕಿ ತಿನ್ನುವುದು ಅವುಗಳ ಜೀವನ. ಶಾರ್ಕ್ ಪ್ರಪಾತದಿಂದ ಏರಿ ಬರುವುದು ಇವುಗಳನ್ನು ಹುಡುಕಿಕೊಂಡು. 2005ರಿಂದ 2009ರವರೆಗೆ ಸಂಶೋಧಕರು ಇಲ್ಲಿ ಮನುಷ್ಯರಿಲ್ಲದೆ ತಾನೇ ಓಡುವ ಕ್ಯಾಮೆರಾಗಳನ್ನು ಇಟ್ಟು ನೂರಕ್ಕೆ ಹತ್ತಿರ ಇಂಥ ಭೇಟಿಗಳನ್ನು ದಾಖಲಿಸಿದರು. ಅದಕ್ಕೂ ಮೊದಲು, ತೆರೆದ ಕಡಲಿನ ಶಾರ್ಕ್ ಹೀಗೆ ಮೈ ಶುಚಿ ಮಾಡಿಸಿಕೊಳ್ಳುತ್ತದೆ ಎನ್ನಲು ಪುರಾವೆ ಇರಲಿಲ್ಲ. ಅವರು ಕಂಡದ್ದು ಹೀಗೆ. ಶಾರ್ಕ್ ವೇಗ ತಗ್ಗಿಸುತ್ತದೆ. ದಿಬ್ಬದ ಮೇಲೆ ನಿಧಾನವಾಗಿ ಸುತ್ತು ಹಾಕುತ್ತದೆ. ಬಾಲವನ್ನು ತುಸು ಇಳಿಬಿಡುತ್ತದೆ. ಸಣ್ಣ ಮೀನುಗಳು ಹವಳದಿಂದ ಎದ್ದು ಬಂದು ಹೊಟ್ಟೆಯ ಕೆಳಗೆ, ಹಿಂಬದಿಯ ರೆಕ್ಕೆಗಳ ಸುತ್ತ ಮುತ್ತುತ್ತವೆ. ಶಾರ್ಕ್ ಪೂರ್ತಿ ನಿಲ್ಲಲಾರದು, ಉಸಿರಾಟಕ್ಕೆ ಚಲನೆ ಬೇಕೇ ಬೇಕು. ಆದ್ದರಿಂದ ಈ ಸುತ್ತಾಟವೇ ಅದು ನಿಲ್ಲುವ ರೀತಿ. ಆ ಹೊತ್ತಿನಲ್ಲಿ ಅದು ನಿಧಾನವಾಗಿದೆ, ಅದರ ಎಚ್ಚರ ತಗ್ಗಿದೆ, ಅಪಾಯಕ್ಕೆ ಸುಲಭವಾಗಿ ಸಿಗುವಂತಿದೆ. ಯಾರಾದರೂ ಅಡ್ಡ ಬಂದರೆ ಕೆಲಸ ಅರ್ಧಕ್ಕೆ ಬಿಟ್ಟು ಆಳಕ್ಕೆ ಜಾರುತ್ತದೆ. ಅದು ಬಂದದ್ದು ತನ್ನ ಆರೋಗ್ಯದ ಕೆಲಸಕ್ಕೆ. ಅದನ್ನು ನೋಡುವ ಅವಕಾಶ ನಮಗೆ ಸಿಗುವುದು ಆ ಕೆಲಸ ನಡೆಯುವಷ್ಟು ಹೊತ್ತು ಮಾತ್ರ.

ಇಷ್ಟು ಸಣ್ಣ ಮೀನು ಅಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ಹವಳ ಸಾಲಿನ ಲಿಜರ್ಡ್ ದ್ವೀಪದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಕೆಲವು ಹವಳ ದಿಬ್ಬಗಳಿಂದ ಈ ಜಾತಿಯ ಮೀನನ್ನು ಸುಮಾರು ಎಂಟೂವರೆ ವರ್ಷ ಸತತವಾಗಿ ತೆಗೆದುಹಾಕುತ್ತ ಬಂದರು. ಉಳಿದ ದಿಬ್ಬಗಳನ್ನು ಹಾಗೇ ಬಿಟ್ಟರು. ಕೊನೆಗೆ ಎಣಿಸಿದಾಗ, ಶುಚಿಗಾರ ಮೀನಿಲ್ಲದ ದಿಬ್ಬಗಳಲ್ಲಿ ಅಲ್ಲೇ ನೆಲೆಸುವ ಇತರ ಮೀನುಗಳ ಸಂಖ್ಯೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಜಾತಿಗಳೂ ಕಡಿಮೆಯಾಗಿದ್ದವು. ನಾಲ್ಕಾರು ಬೆರಳುದ್ದದ ಜೀವಿಗಳು ಇಲ್ಲದಿದ್ದರೆ ಒಂದು ದಿಬ್ಬದ ಬದುಕೇ ಬಡವಾಗುತ್ತದೆ. ಇದೇ ಮೀನನ್ನು ಮನೆಯ ಅಕ್ವೇರಿಯಂಗಳಿಗಾಗಿ ಹಿಡಿದು ಮಾರುತ್ತಾರೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಹಾಗಾಗಿ ಥ್ರೆಶರ್ ಶಾರ್ಕನ್ನು ಉಳಿಸುವುದೆಂದರೆ ದೊಡ್ಡ ಪ್ರಾಣಿಯನ್ನು ಉಳಿಸುವುದಷ್ಟೇ ಆಗದು. ದಿಬ್ಬವನ್ನು, ಅದರ ಹವಳವನ್ನು, ಹವಳದ ಸಂದಿಯ ಆ ಪುಟ್ಟ ಮೀನನ್ನು ಉಳಿಸಬೇಕು. ಡೈವರ್ ಒಬ್ಬರ ಮೊಣಕಾಲು ಹವಳದ ಗುಡ್ಡೆಯ ಮೇಲೆ ಊರಿದರೆ ಮುರಿಯುವುದು ಈ ನೆಲೆಯೇ.

ಶಾರ್ಕ್ ಬರುವ ಕಾರಣ ಗೊತ್ತಾಯಿತು, ಅದು ಬರುವ ನೆಲೆ ಎಷ್ಟು ಸೂಕ್ಷ್ಮ ಎಂಬುದೂ ಗೊತ್ತಾಯಿತು. ಇನ್ನು ಡೈವರ್ ಕಡೆಗೆ ಬರೋಣ. ನೀರೊಳಗೆ ಹತ್ತು ಮೀಟರ್ ಇಳಿದರೆ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟು. ಇಪ್ಪತ್ತು ಮೀಟರಿಗೆ ಮೂರು ಪಟ್ಟು. ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದಲ್ಲಿ ಬರುತ್ತದೆ. ಗಾಳಿಯಲ್ಲಿರುವ ನೈಟ್ರೋಜನ್ ರಕ್ತಕ್ಕೂ ಮಾಂಸಖಂಡಕ್ಕೂ ಇಳಿಯುತ್ತದೆ. ಸರ್ರನೆ ಮೇಲೆ ಬಂದರೆ ಅದು ಗುಳ್ಳೆಯಾಗಿ ಮೈಯೊಳಗೇ ಹಾವಳಿ ಮಾಡುತ್ತದೆ. ಆದ್ದರಿಂದ ಸಾಧಾರಣ ಗಾಳಿಯಲ್ಲಿ 25 ಮೀಟರ್ ಆಳದಲ್ಲಿ ಇರಬಹುದಾದ ಹೊತ್ತು ಅರ್ಧ ಗಂಟೆಯೊಳಗೆ. ನೈಟ್ರೋಜನ್ ಕಡಿಮೆ ಮಾಡಿ ಆಮ್ಲಜನಕ ಹೆಚ್ಚಿಸಿದ ನೈಟ್ರಾಕ್ಸ್ ಬಳಸಿದರೆ ಇನ್ನಷ್ಟು ನಿಮಿಷ ಸಿಗುತ್ತದೆ. ಮೇಲೇರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು. ಮೊದಲ ಹಂತದ ತರಬೇತಿ ಪಡೆದವರಿಗೆ ಅನುಮತಿ 18 ಮೀಟರಿನವರೆಗೆ ಮಾತ್ರ, ಆದ್ದರಿಂದ ಮೊನಾಡ್‌ನ ಆಳಕ್ಕೆ ಮುಂದಿನ ಹಂತದ ತರಬೇತಿಯೂ ಬೇಕು. ಇವು ಮನುಷ್ಯನ ಮೈ ಹಾಕುವ ಮಿತಿಗಳು. ಇವುಗಳ ಮೇಲೆ ಮಲಪಾಸ್ಕುವಾದವರು ಶಾರ್ಕಿನ ಪರವಾಗಿ ಇನ್ನಷ್ಟು ಮಿತಿ ಹಾಕಿದ್ದಾರೆ. ದಿಬ್ಬದ ಅಂಚಿನಲ್ಲಿ ಗೆರೆಯಂತೆ ಹಗ್ಗ ಎಳೆದಿರುತ್ತಾರೆ. ಡೈವರ್‌ಗಳು ಅದರ ಹಿಂದೆ, ನೆಲಕ್ಕೆ ತಗ್ಗಿ ಅಲುಗಾಡದೆ ಇರಬೇಕು. ಹಗ್ಗ ದಾಟುವಂತಿಲ್ಲ. ಬೆನ್ನಟ್ಟುವಂತಿಲ್ಲ. ಟಾರ್ಚು ಹಚ್ಚುವಂತಿಲ್ಲ. ಕ್ಯಾಮೆರಾದ ಫ್ಲ್ಯಾಶ್ ಹಾರಿಸುವಂತಿಲ್ಲ, ಮೀನು ಚೆಲ್ಲಿ ಕರೆಯುವಂತಿಲ್ಲ. ಆಳದಲ್ಲಿ ಕೆಂಪು ಬಣ್ಣ ಉಳಿಯುವುದಿಲ್ಲ, ಎಲ್ಲವೂ ನೀಲಿ-ಬೂದು. ಫ್ಲ್ಯಾಶ್ ಇಲ್ಲದೆ ತೆಗೆದ ಚಿತ್ರ ಮಸುಕಾಗುತ್ತದೆ. ಅಷ್ಟು ದುಡ್ಡು ಕೊಟ್ಟು ಬಂದವರಿಗೆ ಇದು ಕಷ್ಟದ ಮಾತೇ. ಆದರೆ ಚಿತ್ರ ಚೆನ್ನಾಗಿ ಬರಲೇಬೇಕು ಎಂಬುದು ನಮ್ಮ ಬಯಕೆ, ಶಾರ್ಕಿಗೆ ಅದರಿಂದ ಏನೂ ಆಗಬೇಕಿಲ್ಲ. ಶಾರ್ಕ್ ಒಂದು ದಿನ ಬರದೇ ಹೋಗಬಹುದು. ಬಂದರೂ ದೂರದಲ್ಲೇ ತಿರುಗಿ ಹೋಗಬಹುದು. ಬರುವುದೂ ಬಿಡುವುದೂ ಅದರ ಇಷ್ಟಕ್ಕೆ ಬಿಟ್ಟ ಮಾತಾಗಿರುವವರೆಗೆ ಈ ಡೈವಿಂಗ್ ಸರಿಯಾದ ದಾರಿಯಲ್ಲಿದೆ ಎನ್ನಬಹುದು.

ಹಣದ ಲೆಕ್ಕವೊಂದೇ ಏಕೆ ಸಾಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ಸೆಬು ದ್ವೀಪದ ದಕ್ಷಿಣ ತುದಿಯಲ್ಲಿ ಓಸ್ಲೋಬ್ ಎಂಬ ಊರಿದೆ. ಅಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ತೋರಿಸುತ್ತಾರೆ. ಶಾರ್ಕ್‌ಗಳಲ್ಲೇ ಅತಿ ದೊಡ್ಡದು, ಸಣ್ಣ ಸಿಗಡಿಗಳನ್ನು ಸೋಸಿ ತಿನ್ನುವ ಸಾಧು ಪ್ರಾಣಿ ಅದು. 2011ರ ಕೊನೆಯಿಂದ ಅಲ್ಲಿನ ಬೆಸ್ತರು ದೋಣಿಯಲ್ಲಿ ಕೂತು ಸಿಗಡಿ ಚೆಲ್ಲುತ್ತ ಶಾರ್ಕ್‌ಗಳನ್ನು ದಡದ ಹತ್ತಿರವೇ ಇರುವಂತೆ ಮಾಡಿದರು. ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗರು ಬಂದರು. ಬಡ ಊರು ಕಂಡು ಕೇಳರಿಯದ ಹಣ ಬಂತು. ಹಣದ ತಕ್ಕಡಿಯಲ್ಲಿ ತೂಗಿದರೆ ಓಸ್ಲೋಬ್ ಮಲಪಾಸ್ಕುವಾವನ್ನು ಎಲ್ಲಿಯೋ ಮೀರಿಸುತ್ತದೆ. ಆದರೆ ಅಲ್ಲಿನ ಶಾರ್ಕ್‌ಗಳನ್ನು ಗಮನಿಸಿದವರು ಕಂಡದ್ದೇನು? ಕಡಲೆಲ್ಲ ಅಲೆಯಬೇಕಾದ ಪ್ರಾಣಿಗಳಲ್ಲಿ ಕೆಲವು ತಿಂಗಳುಗಟ್ಟಲೆ ಅಲ್ಲೇ ಉಳಿದವು. ಬಹುಪಾಲು ಶಾರ್ಕ್‌ಗಳ ಮೈಮೇಲೆ ಗಾಯದ ಕಲೆಗಳಿದ್ದವು. ದೋಣಿಯನ್ನು ಕಂಡರೆ ಹತ್ತಿರ ಬರುವುದನ್ನು ಅವು ಕಲಿತವು, ಆ ಕಲಿಕೆ ಬೇರೆ ಕಡೆ ಅವಕ್ಕೇ ಮುಳುವಾಗಬಹುದು. ಸತ್ತ ಶಾರ್ಕಿಗಿಂತ ಬದುಕಿದ ಶಾರ್ಕ್ ಲಾಭ ಎಂಬ ವಾದ ಓಸ್ಲೋಬಿಗೂ ಅಕ್ಷರಶಃ ಅನ್ವಯಿಸುತ್ತದೆ. ಎರಡೂ ಊರುಗಳ ನಡುವೆ ಇರುವ ವ್ಯತ್ಯಾಸವನ್ನು ಆ ವಾದ ಹಿಡಿಯಲಾರದು. ಷರತ್ತು ಯಾರದು ಎಂಬ ಪ್ರಶ್ನೆ ಮಾತ್ರ ಹಿಡಿಯುತ್ತದೆ. ಹಣದ ವಾದಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ. 2020ರ ಮಾರ್ಚಿನಿಂದ ಸುಮಾರು ಎರಡು ವರ್ಷ ಕೋವಿಡ್ ಕಾರಣಕ್ಕೆ ಫಿಲಿಪ್ಪೀನ್ಸ್ ವಿದೇಶೀ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಪ್ರವಾಸಿಗರ ಹಣ ನಿಂತ ದಿನ ಶಾರ್ಕನ್ನು ಕಾಯುವುದೂ ನಿಲ್ಲಬೇಕೇ? ರಕ್ಷಣೆಗೆ ಹಣವೊಂದನ್ನೇ ಆಧಾರ ಮಾಡಿದರೆ ಈ ಪ್ರಶ್ನೆಗೆ ಉತ್ತರವಿಲ್ಲ.

ಇಲ್ಲಿ ಕೆಲವು ಕೇಳುಗರು ಆಕ್ಷೇಪ ಎತ್ತಬಹುದು. ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗಬಾರದು. ಮೊದಲ ಆಕ್ಷೇಪ ನೇರವಾದದ್ದು. ಹಗ್ಗದ ಹಿಂದೆ ಕೂತರೂ ಮನುಷ್ಯ ಮನುಷ್ಯನೇ. ಗುಳ್ಳೆಯ ಸದ್ದು, ದೋಣಿಯ ಎಂಜಿನ್ ಸದ್ದು, ಇಪ್ಪತ್ತು ಮೂವತ್ತು ಜನರ ಸಾಲು. ಇದೆಲ್ಲ ಪ್ರಾಣಿಗೆ ಕಿರಿಕಿರಿಯೇ ಅಲ್ಲವೇ? ಕ್ಯಾಮೆರಾ ಇಟ್ಟು ದಡದಲ್ಲೇ ಕೂತು ನೋಡಬಹುದಲ್ಲ? ಈ ಮಾತಿನಲ್ಲಿ ಹುರುಳಿದೆ. ನಾನೇ ಹೇಳಿದೆ, ಶಾರ್ಕ್ ಇಲ್ಲಿಗೆ ಬರುವ ಕಾರಣ ಖಚಿತವಾದದ್ದು ಮನುಷ್ಯರಿಲ್ಲದ ಕ್ಯಾಮೆರಾದಿಂದ. ವಿಜ್ಞಾನಕ್ಕೆ ಕ್ಯಾಮೆರಾ ಸಾಕು, ಕೆಲವೊಮ್ಮೆ ಅದೇ ಮೇಲು. ಆದರೆ ಆ ದಿಬ್ಬದ ಚರಿತ್ರೆಯನ್ನೂ ನೋಡಬೇಕು. ಅಲ್ಲಿ ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದರು. ಸಿಡಿತಕ್ಕೆ ಹವಳ ಪುಡಿಯಾಗುತ್ತದೆ, ಶುಚಿಗಾರ ಮೀನೂ ಸಾಯುತ್ತದೆ. ಪ್ರತಿದಿನ ಬೆಳಗ್ಗೆ ಜನ ಇರುವ ಜಾಗದಲ್ಲಿ ಡೈನಮೈಟ್ ಎಸೆಯುವುದು ಸುಲಭವಲ್ಲ. ದಡದಿಂದ ಎಂಟು ಕಿಲೋಮೀಟರ್ ದೂರದ ನೀರಿಗೆ ಸರ್ಕಾರಿ ಕಾವಲು ದೋಣಿ ದಿನಾ ಬರುವುದಿಲ್ಲ. ಡೈವಿಂಗ್ ದೋಣಿ ಬರುತ್ತದೆ. 2015ರಲ್ಲಿ, ಮಲಪಾಸ್ಕುವಾ ಸೇರಿರುವ ದಾನ್‌ಬಂತಯಾನ್ ಪುರಸಭೆ ಮೊನಾಡ್ ದಿಬ್ಬವನ್ನು ಶಾರ್ಕ್ ಮತ್ತು ತೊರಕೆ ಮೀನುಗಳ ಅಭಯಧಾಮವೆಂದು ಸಾರಿತು. ಶಾರ್ಕನ್ನು ನೋಡಲು ಬರುವವರು ಇಲ್ಲದಿದ್ದರೆ ಒಂದು ಸಣ್ಣ ಪುರಸಭೆ ನೀರೊಳಗಿನ ದಿಬ್ಬದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿತ್ತೆಂದು ನನಗನ್ನಿಸುವುದಿಲ್ಲ. ಕಿರಿಕಿರಿ ಸೊನ್ನೆ ಎಂದು ನಾನು ವಾದಿಸುವುದಿಲ್ಲ. ಅದಕ್ಕೇ ದಿನಕ್ಕೆ ಇಷ್ಟೇ ದೋಣಿ, ಒಬ್ಬ ಗೈಡಿಗೆ ಇಷ್ಟೇ ಜನ ಎಂಬ ಕಟ್ಟು ಬಿಗಿಯಾಗಬೇಕು ಎನ್ನುತ್ತೇನೆ. ಆದಾಯ ಕಡಿಮೆಯಾದರೂ ಸರಿ.

ಆದಾಯ ಕಡಿಮೆಯಾದರೂ ಸರಿ ಎಂದೆ. ಎರಡನೆಯ ಆಕ್ಷೇಪ ಹುಟ್ಟುವುದು ಇದೇ ಮಾತಿನಿಂದ. ಹೊಟ್ಟೆ ತುಂಬಿದವರಿಗೆ ಹೀಗೆ ಹೇಳುವುದು ಸುಲಭ. 2013ರ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ಮಲಪಾಸ್ಕುವಾದ ಮೇಲೆ ಹಾದುಹೋಗಿ ದ್ವೀಪದ ಮನೆಗಳನ್ನು ನೆಲಸಮ ಮಾಡಿತ್ತು. ಅಂಥ ಜನಕ್ಕೆ ಶಾರ್ಕಿನ ಷರತ್ತಿನ ಪಾಠ ಹೇಳುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಗೌರವ ಸಲ್ಲಬೇಕು. ನನ್ನ ಉತ್ತರಕ್ಕೆ ನಮ್ಮ ದೇಶದಲ್ಲೇ ಆಧಾರವಿದೆ. ಗುಜರಾತಿನ ವೆರಾವಳ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕನ್ನು ಎಣ್ಣೆಗೂ ಮಾಂಸಕ್ಕೂ ನೂರುಗಟ್ಟಲೆ ಕೊಲ್ಲುತ್ತಿದ್ದರು. 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿತು. ಕಾಯಿದೆ ಬಂದೊಡನೆ ಬೇಟೆ ನಿಲ್ಲಲಿಲ್ಲ. 2004ರಲ್ಲಿ ಕಥಾಕಾರ ಮೊರಾರಿ ಬಾಪು ಅವರ ನೇತೃತ್ವದಲ್ಲಿ ಪ್ರಚಾರ ಶುರುವಾಯಿತು. ಹೆರಿಗೆಗೆ ತವರಿಗೆ ಬಂದ ಮಗಳು ಇದು, ವಹಾಲಿ, ಪ್ರೀತಿಯವಳು ಎಂದು ಊರೂರಿನಲ್ಲಿ ಹೇಳಿದರು. ಶಾರ್ಕ್ ಬಿದ್ದ ಬಲೆ ಕತ್ತರಿಸಿ ಬಿಡುವ ಬೆಸ್ತರಿಗೆ ಅರಣ್ಯ ಇಲಾಖೆ ಬಲೆಯ ಪರಿಹಾರ ಕೊಟ್ಟಿತು. ಅಂದಿನಿಂದ ನೂರಾರು ಶಾರ್ಕ್‌ಗಳನ್ನು ಬೆಸ್ತರೇ ಬಿಡಿಸಿದ್ದಾರೆ. ಅಲ್ಲಿ ಪ್ರವಾಸೋದ್ಯಮದ ಹಣ ಹರಿದು ಬಂದಿರಲಿಲ್ಲ. ನಷ್ಟ ತುಂಬಿಕೊಡುವ ಏರ್ಪಾಡು ಇತ್ತು, ಜೊತೆಗೆ ಅಕ್ಕರೆ ಇತ್ತು. ಬಡವರು ಲಾಭ ಕಂಡರೆ ಮಾತ್ರ ಪ್ರಾಣಿಯನ್ನು ಉಳಿಸುತ್ತಾರೆ ಎನ್ನುವುದು ಬಡವರ ಬಗ್ಗೆ ಕಡಿಮೆ ಮಾಡಿ ಆಡುವ ಮಾತು. ಅವರ ಮೇಲೆ ನಷ್ಟದ ಹೊರೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಮಲಪಾಸ್ಕುವಾದಲ್ಲಿ ಹಾಗೆ ಮಾಡುವುದೆಂದರೆ, ಡೈವಿಂಗಿನ ಶುಲ್ಕದಲ್ಲಿ ನ್ಯಾಯವಾದ ಪಾಲು ಡೈವ್ ಅಂಗಡಿಯ ಮಾಲೀಕನಲ್ಲಿಯೇ ನಿಲ್ಲದೆ ದೋಣಿಯವನಿಗೂ ಮೀನು ಹಿಡಿಯುವುದನ್ನು ಬಿಟ್ಟವನಿಗೂ ತಲುಪಬೇಕು.

ಕಿರಿಕಿರಿಯ ಆಕ್ಷೇಪಕ್ಕೂ ಬಡತನದ ಆಕ್ಷೇಪಕ್ಕೂ ಉತ್ತರ ಹೇಳಿದ್ದಾಯಿತು. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಶಾರ್ಕ್ ಆ ದಿಬ್ಬದಲ್ಲಿ ಇರುವುದು ಬೆಳಗಿನ ಕೆಲ ಹೊತ್ತು. ಉಳಿದ ಹೊತ್ತೆಲ್ಲ ತೆರೆದ ಕಡಲಿನಲ್ಲಿ, ಬಲೆಗಳ ನಡುವೆ, ಸಾಲುಗಾಳಗಳ ನಡುವೆ. ಒಂದು ದಿಬ್ಬ ಕಾದರೆ ಏನು ಪ್ರಯೋಜನ? ಈ ಆಕ್ಷೇಪಕ್ಕೆ ಇತ್ತೀಚಿನ ಒಂದು ಬದಲಾವಣೆ ಇನ್ನಷ್ಟು ಬಲ ಕೊಡುತ್ತದೆ. ಕೆಲವು ವರ್ಷಗಳಿಂದ ಥ್ರೆಶರ್‌ಗಳು ಮೊನಾಡ್‌ಗಿಂತ ಹೆಚ್ಚಾಗಿ ಕಿಮುಡ್ ಶೋಲ್ ಎಂಬ ಇನ್ನೊಂದು ದಿಬ್ಬದಲ್ಲಿ ಕಾಣುತ್ತಿವೆ. ಅದೇ ಅವಧಿಯಲ್ಲಿ ಮೊನಾಡ್‌ನಲ್ಲಿ ಹುಲಿ ಶಾರ್ಕ್‌ಗಳು ಕಾಣತೊಡಗಿವೆ. ಕಿಮುಡ್ ಇನ್ನೂ ಮೇಲ್ಮಟ್ಟದ ದಿಬ್ಬ, ಅಲ್ಲಿ ಬೆಳಗಿನ ಜಾವವೇ ಆಗಬೇಕೆಂದಿಲ್ಲ, ಹೊತ್ತೇರಿದ ಮೇಲೂ ಥ್ರೆಶರ್ ಕಾಣುತ್ತದೆ. ಈಗ ಹೆಚ್ಚಿನ ದೋಣಿಗಳು ಅತ್ತ ತಿರುಗಿವೆ. ನಕ್ಷೆಯಲ್ಲಿ ಅಭಯಧಾಮದ ಗೆರೆ ಹಾಕಿದ್ದು ನಾವು, ಶಾರ್ಕಿಗೆ ಆ ಗೆರೆಯ ಹಂಗಿಲ್ಲ. ಇದರಿಂದ ನನ್ನ ವಾದಕ್ಕೆ ಧಕ್ಕೆ ಬರುತ್ತದೆ ಎಂದು ನಾನು ಭಾವಿಸಿಲ್ಲ. ಶಾರ್ಕಿನ ಷರತ್ತು ಎಂದರೆ ಇದೂ ಸೇರಿತು. ಅದು ಜಾಗ ಬದಲಿಸಿದರೆ ರಕ್ಷಣೆಯೂ ಜೊತೆಯಲ್ಲೇ ಹೋಗಬೇಕು, ದೋಣಿಗಳು ಮಾತ್ರ ಹೋಗಿ ನಿಯಮಗಳು ಹಳೆಯ ದಿಬ್ಬದಲ್ಲೇ ಉಳಿಯಬಾರದು. ತೆರೆದ ಕಡಲಿನ ಮಾತಿಗೆ ಬಂದರೆ ಅಲ್ಲಿ ಡೈವರ್ ಏನೂ ಮಾಡಲಾರ, ಕಾನೂನೇ ಬೇಕು. ಅಳಿವಿನ ಅಪಾಯದ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮಾವೇಶ 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿ ಮೂರೂ ಥ್ರೆಶರ್ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಹಿಂದೂ ಮಹಾಸಾಗರದ ಟ್ಯೂನಾ ಆಯೋಗದಲ್ಲಿ ಭಾರತವೂ ಸದಸ್ಯ. ಆ ಆಯೋಗ 2010ರಲ್ಲೇ, ತನ್ನಲ್ಲಿ ನೋಂದಾಯಿತ ದೋಣಿಗಳು ಯಾವ ಥ್ರೆಶರ್ ಶಾರ್ಕನ್ನೂ ಇಟ್ಟುಕೊಳ್ಳಬಾರದು, ಬಿದ್ದರೆ ಬಿಡಬೇಕು ಎಂದು ನಿರ್ಧರಿಸಿತು. ಆದರೂ ಥ್ರೆಶರ್‌ಗಳು ಕೊಚ್ಚಿಯ ಬಂದರಿಗೆ ಬಂದು ಬಿದ್ದದ್ದು ನಮ್ಮ ಮೀನುಗಾರಿಕಾ ವಿಜ್ಞಾನಿಗಳ ದಾಖಲೆಗಳಲ್ಲಿದೆ. ಟ್ಯೂನಾಕ್ಕೆ ಹಾಕಿದ ಬಲೆಯಲ್ಲಿ, ಗಾಳದಲ್ಲಿ ಸಿಕ್ಕಿಬಿದ್ದವು ಅವು. ಅರಬ್ಬೀ ಸಮುದ್ರದಲ್ಲಿಯೂ ಇದೇ ಪ್ರಾಣಿ ಬಾಳುತ್ತದೆ ಎಂಬುದು ನಮಗೆ ಕಣ್ಣಿಗೆ ಬೀಳುವುದೇ ಹೀಗೆ, ಬಂದರಿನ ಸಿಮೆಂಟಿನ ಮೇಲೆ, ಹರಾಜಿನ ಸಾಲಿನಲ್ಲಿ. ಮಲಪಾಸ್ಕುವಾದಲ್ಲಿ ಅದನ್ನು ಜೀವಂತ ಕಂಡವರಿಗೆ ಈ ಕಾನೂನುಗಳು ಬರೀ ಕಾಗದವಾಗಿ ಉಳಿಯುವುದಿಲ್ಲ. ಕಾನೂನಿಗೆ ಒತ್ತಾಯಿಸುವ ಜನ ಬೇಕಲ್ಲ? ಅಂಥವರು ಹುಟ್ಟುವ ಜಾಗಗಳಲ್ಲಿ ಆ ದಿಬ್ಬವೂ ಒಂದು.

ಇನ್ನು ನಮ್ಮವರ ವಿಷಯ. ಕರ್ನಾಟಕದಲ್ಲಿ ಸ್ಕೂಬಾ ಕಲಿಯುವವರು ಹೆಚ್ಚುತ್ತಿದ್ದಾರೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ಮುಳುಗಿದವರು ಆಮೇಲೆ ಅಂಡಮಾನ್, ಮಾಲ್ಡೀವ್ಸ್ ಎನ್ನುತ್ತಾರೆ. ಮಾಲ್ಡೀವ್ಸ್ 2010ರಲ್ಲಿ ತನ್ನ ನೀರಿನಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿತು. ಅದರ ದಕ್ಷಿಣದ ಫುವಾಮುಲಾ ದ್ವೀಪದಲ್ಲಿ ಥ್ರೆಶರ್ ಕಾಣುತ್ತದೆ. ಫಿಲಿಪ್ಪೀನ್ಸ್‌ಗಿಂತ ನಮಗೆ ಅದು ಬಹಳ ಹತ್ತಿರ. ಅಲ್ಲಿ ಒಂದೇ ದ್ವೀಪದಲ್ಲಿ ಎರಡು ಬಗೆಯ ಭೇಟಿ ಇದೆ. ಹವಳದ ಅಂಚಿಗೆ ತಾನಾಗಿ ಏರಿ ಬರುವ ಥ್ರೆಶರ್ ಒಂದು ಕಡೆ. ಬಂದರಿನ ಬಾಯಲ್ಲಿ ಮೀನಿನ ತಲೆ, ಕರುಳು ಹಾಕಿದಾಗ ಸೇರುವ ಹುಲಿ ಶಾರ್ಕ್‌ಗಳು ಇನ್ನೊಂದು ಕಡೆ. ದುಡ್ಡು ಕೊಡುವ ಮೊದಲು ಎರಡರಲ್ಲಿ ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದಿರಬೇಕು. ಹೊರಡುವ ಮುನ್ನ ಡೈವ್ ಅಂಗಡಿಯವರನ್ನು ಫೋನಿನಲ್ಲೇ ಕೇಳಿ. ಆಹಾರ ಹಾಕಿ ಕರೆಯುತ್ತೀರಾ? ಟಾರ್ಚು, ಫ್ಲ್ಯಾಶ್ ಬಿಡುತ್ತೀರಾ? ಒಬ್ಬ ಗೈಡಿಗೆ ಎಷ್ಟು ಜನ? ನಿಮ್ಮ ತೇಲುವ ಹಿಡಿತ ಚೆನ್ನಾಗಿಲ್ಲದಿದ್ದರೆ, ಅಂದರೆ ನೀರಿನಲ್ಲಿ ಹವಳ ಮುಟ್ಟದೆ ಒಂದೇ ಮಟ್ಟದಲ್ಲಿ ನಿಲ್ಲಲು ಬರದಿದ್ದರೆ, ಮೊದಲು ಅದನ್ನು ಕಲಿಸಿ ಆಮೇಲೆ ಕರೆದೊಯ್ಯುವ ಅಂಗಡಿಯನ್ನೇ ಆರಿಸಿ. ಶಾರ್ಕ್ ಬಂದೇ ಬರುತ್ತದೆ, ಮುಟ್ಟುವಷ್ಟು ಹತ್ತಿರ ತೋರಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ಫೋನ್ ಇಟ್ಟು ಬೇರೆಯವರನ್ನು ಹುಡುಕಿ. ಬರದೇ ಹೋದರೆ ಬೇಸರಪಡಬೇಡಿ ಎಂದು ಮೊದಲೇ ಹೇಳುವವರು ಸಿಕ್ಕರೆ ಅವರ ಜೊತೆ ಹೋಗಿ.